ಕಾಫಿ ಅಗಿಯುವವಳು

ಕಾಫಿ ಕುಡಿಯುವವರನ್ನು ನೋಡಿದ್ದೇವೆ, ಹೀರುವವರನ್ನು ನೋಡಿದ್ದೇವೆ, ಬಸ್ಸು ಹೊರಡುವ ಗಡಿಬಿಡಿಯಲ್ಲಿ ಗಂಟಲಿಗೆ ಸುರಿದುಕೊಳ್ಳುವವರನ್ನಂತೂ ದಿನಾ ನೋಡುತ್ತೇವೆ. ಅಗಿಯುವವಳು ಇವಳೊಬ್ಬಳೇ. ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ ಕಾಫಿ ಯಂತ್ರದಿಂದ ಮೊದಲ ಕಪ್ಪನ್ನು ಇವಳೇ ಹಿಡಿಯಬೇಕು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ದವಡೆ ಆಡಿಸುತ್ತಾಳೆ. ನಾಲಿಗೆಯನ್ನು ಹಲ್ಲಿನ ಸಂದಿಸಂದಿಗೂ ಕಳಿಸಿ ತಡಕಾಡುತ್ತಾಳೆ. ಹಿಂದೆ ಸಾಲು ನಿಂತ ಡ್ರೈವರುಗಳು, "ಏನಕ್ಕಾ, ಬೆಂದಿದೆಯಾ? ಇನ್ನೊಂದು ಕುದಿ ಬರಬೇಕಾ?" ಎಂದು ಕಿಚಾಯಿಸುತ್ತಾರೆ. ಬಾಯಿತುಂಬ ಕಾಫಿ ಇಟ್ಟುಕೊಂಡೇ ಅವಳು ಕೈ ಅಡ್ಡ ಹಿಡಿಯುತ್ತಾಳೆ. ನುಂಗಿದ ಮೇಲೆಯೇ ದಾರಿ ಬಿಡುವುದು.

ನಗುವವರು ನಗಲಿ. ಹೊಸಬರಿಗೆ ಕಥೆ ಗೊತ್ತಿಲ್ಲ, ಹಳಬರು ಗೊತ್ತಿದ್ದೇ ನಗುತ್ತಾರೆ.

ಅವಳ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಕಾಫಿ ಯಂತ್ರ ಇಡಿಸುವ ಸಣ್ಣ ಕಂಪನಿಯೊಂದರಲ್ಲಿ ಯಾವ ಯಂತ್ರಕ್ಕೆ ಯಾವ ಬೀಜ ಎಂದು ತೀರ್ಮಾನಿಸುವವಳು. ಗುಂಡಿ ಒತ್ತಿದರೆ ಯಂತ್ರ ತಾನೇ ಬೀಜ ಅರೆದು, ತಾನೇ ಬಿಸಿನೀರು ಹಾಯಿಸಿ, ಕಪ್ಪಿಗೆ ಕಾಫಿ ಇಳಿಸುತ್ತದೆ. ಇದರಲ್ಲೇನು ದೊಡ್ಡ ವಿದ್ಯೆ ಅನ್ನಬೇಡಿ. ಗಂಡು ಹೆಣ್ಣು ಕೂಡಿಸಿದಷ್ಟೇ ತಾಪತ್ರಯ ಇದರಲ್ಲೂ ಇದೆ. ಕೂಡಿಸಿದವರ ತಲೆಗೇ ಬೈಗುಳ ಬೀಳುವುದೂ ಹಾಗೆಯೇ.

ಬೀಜ ಬಂದ ಕೂಡಲೇ ಹಳೇ ಪತ್ರಿಕೆಯ ಮೇಲೆ ಒಂದು ಹಿಡಿ ಹರವಿ ಅಂಗೈಯಿಂದ ಒತ್ತಿ ಉಜ್ಜುತ್ತಾಳೆ. ಕಾಗದದ ಮೇಲೆ ಎಣ್ಣೆ ಕಲೆ ಬಿತ್ತೋ, ಆ ಬೀಜ ಯಂತ್ರದ ಮನೆಗೆ ಸೊಸೆಯಾಗಿ ಹೋಗುವಂಥದ್ದಲ್ಲ. ಕಪ್ಪಗೆ ಹುರಿದ ಬೀಜ ಮೈಯೆಲ್ಲ ಎಣ್ಣೆ ಬಿಟ್ಟುಕೊಂಡು ಮಿಂಚುತ್ತದೆ, ನೋಡಲಿಕ್ಕೆ ಚೆಂದ. ಆದರೆ ಯಂತ್ರದ ಬುಟ್ಟಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೆಳಗಿಳಿಯದೆ ಕೂರುತ್ತದೆ. ಇಳಿದದ್ದು ಅರೆಯುವ ಬಿಲ್ಲೆಗಳಿಗೆ ಮೆತ್ತಿಕೊಂಡು ಕೆಲವೇ ದಿನಕ್ಕೆ ಹಳಸಲು ನಾತ ಹೊಡೆಯುತ್ತದೆ. ಆಮೇಲೆ ಒಂದು ಬೀಜವನ್ನು ಹಲ್ಲಿನ ನಡುವೆ ಇಟ್ಟು ಕಚ್ಚುತ್ತಾಳೆ. ಕಟಕ್ಕೆಂದು ಒಡೆದರೆ ಸರಿ. ಹಲ್ಲಿನ ಮೇಲೇ ಜಗಳಕ್ಕೆ ಬಂದರೆ ಅದು ಕಡಿಮೆ ಹುರಿದ ಗಟ್ಟಿ ಬೀಜ, ಸಣ್ಣ ಯಂತ್ರದ ಮೋಟರು ಅದನ್ನು ಅರೆಯಲಾರದೆ ಏದುಸಿರು ಬಿಡುತ್ತದೆ. ಹಾಲಿನ ಪುಡಿ ಕಲಸುವ ಬ್ಯಾಂಕಿನ ಯಂತ್ರಕ್ಕೆ ರೊಬಸ್ಟಾ ಹೆಚ್ಚು ಬೇಕು, ಇಲ್ಲದಿದ್ದರೆ ಕಾಫಿ ಎಲ್ಲಿ ಹೋಯಿತೆಂದು ಹಾಲಿನಲ್ಲಿ ಹುಡುಕಬೇಕು. ಆಸ್ಪತ್ರೆಯ ಹಳೇ ಯಂತ್ರದ ಬುಟ್ಟಿಯ ತಳ ಚಪ್ಪಟೆ, ಅದಕ್ಕೆ ಗೋಲಿಯ ಹಾಗೆ ಉರುಳುವ ಗುಂಡು ಬೀಜವೇ ಆಗಬೇಕು. ಇಂಥವೆಲ್ಲ ಅವಳಿಗೆ ಬಾಯಿಪಾಠ. ಅದಕ್ಕೇ ಎಲ್ಲರೂ ಕರೆಯುವುದು ಬೀಜದಕ್ಕ ಎಂದು.

ಮನೆಯಲ್ಲಿ ಇರುವುದು ಅವಳೂ ಅವಳ ತಮ್ಮನೂ. ಗಂಡ ಅನ್ನುವವನೊಬ್ಬ ಇದ್ದ, ಹೋದ. ಸತ್ತು ಹೋದದ್ದಲ್ಲ, ಸುಮ್ಮನೆ ಹೋದ. ಆ ಸುದ್ದಿ ಅವಳೂ ಎತ್ತುವುದಿಲ್ಲ, ನಮಗೂ ಬೇಡ. ತಾಯಿ ಸತ್ತಾಗ ತಮ್ಮನಿಗಿನ್ನೂ ಹಾಲುಹಲ್ಲು. ಆ ಹಲ್ಲುಗಳನ್ನು ಒಂದೊಂದಾಗಿ ನೂಲು ಕಟ್ಟಿ ಕಿತ್ತವಳು ಇವಳೇ. ಸಾಕಿದಳು, ಬೈದಳು, ಹೊಡೆದಳು, ಡ್ರೈವಿಂಗ್ ಕಲಿಸಿದಳು, ಅಂದರೆ ಕಲಿಯುವ ತನಕ ಊಟ ಹಾಕಿದಳು. ಈಗ ಅವನು ಅದೇ ಡಿಪೋದಲ್ಲಿ ಬಸ್ಸು ಓಡಿಸುತ್ತಾನೆ. ಬೆಳಗಿನ ಪಾಳಿ, ನದಿಯಾಚೆಯ ದೂರದ ದಾರಿ.

ಎಡವಟ್ಟು ಶುರುವಾದದ್ದು ಈ ತಮ್ಮನಿಂದಲೇ. ಡಿಪೋಕ್ಕೆ ಅವಳು ಆರಿಸಿದ್ದು ಹದವಾಗಿ ಹುರಿದ, ಮೈ ಒಣಗಿದ ಬೀಜ. ಡ್ರೈವರುಗಳಿಗೆ ಅದು ಹಿಡಿಸಲಿಲ್ಲ. ಅವರಲ್ಲಿ ಹಿರಿಯನೊಬ್ಬನಿದ್ದಾನೆ, ಮಾತಾಡಿದರೆ ಗಾಜು ಅದುರುತ್ತದೆಂದು ಎಲ್ಲರೂ ಅವನನ್ನು ಹಾರನ್ ಅನ್ನುತ್ತಾರೆ. "ಕಾಫಿ ಅಂದ್ರೆ ಕಿವಿ ಹಿಡಿದು ಎಬ್ಬಿಸಬೇಕು ಬೀಜದಕ್ಕಾ, ಇದು ಜೋಗುಳ ಹಾಡ್ತಾ ಇದೆ," ಎಂದ. ತಮ್ಮ ಅವನಿಗಿಂತ ಜೋರು. "ಅಕ್ಕಾ, ಆಸ್ಪತ್ರೇಲಿ ರೋಗಿಗೆ ಕೊಡೋದನ್ನ ನಮಗೆ ಕೊಡ್ತೀಯಲ್ಲ. ಕರೀ ಬೀಜ ತಂದು ಹಾಕು."

ಬೇಡವೆಂದು ಗೊತ್ತಿತ್ತು. ಆದರೂ ತಂದು ಹಾಕಿದಳು. ಬೇರೆ ಯಾರು ಹಟ ಮಾಡಿದ್ದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕೇಳಿದವನು ತಮ್ಮ. ಬಸ್ಸು ಓಡಿಸುತ್ತ ತೂಕಡಿಸಿದರೆ ಎಂಬ ಹೆದರಿಕೆಯೂ ಒಂದು ಮೂಲೆಯಲ್ಲಿ ಕೂತಿತ್ತು. ಎಣ್ಣೆ ಬೀಜ ಯಂತ್ರಕ್ಕೆ ಮೆತ್ತಿಕೊಳ್ಳತೊಡಗಿದಾಗ ಅವಳು ತನಗೆ ಗೊತ್ತಿದ್ದ ಹಳೇ ಉಪಾಯ ಮಾಡಿದಳು. ವಾರಕ್ಕೊಮ್ಮೆ ಬುಟ್ಟಿ ಖಾಲಿ ಮಾಡಿ ಒಂದು ಹಿಡಿ ಹಸಿ ಅಕ್ಕಿ ಸುರಿದು ಅರೆಸುವುದು. ಅಕ್ಕಿ ಹಿಟ್ಟಾಗುತ್ತ ಜಿಡ್ಡನ್ನೆಲ್ಲ ಹೀರಿಕೊಂಡು ಹೊರಗೆ ಬರುತ್ತದೆ. ಉಕ್ಕಿನ ಬಿಲ್ಲೆಯ ಹಳೇ ಯಂತ್ರಗಳಿಗೆಲ್ಲ ಅವಳು ಹೀಗೇ ಸ್ನಾನ ಮಾಡಿಸಿದ್ದಳು. ಡಿಪೋಕ್ಕೆ ಬಂದಿದ್ದು ಹೊಸ ಯಂತ್ರ, ಅದರ ಬಿಲ್ಲೆ ಪಿಂಗಾಣಿಯದ್ದು. ಅದೂ ಅವಳಿಗೆ ಗೊತ್ತು. ಪಿಂಗಾಣಿ ಅಂದರೆ ಕಲ್ಲಿನ ಜಾತಿ, ಅಕ್ಕಿಗೆ ಹೆದರುತ್ತದೆಯೇ ಅಂದುಕೊಂಡಳು. ಹುರಿದ ಕಾಫಿ ಬೀಜ ಪೊಳ್ಳು, ಹಸಿ ಅಕ್ಕಿ ಅದಕ್ಕಿಂತ ಗಟ್ಟಿ. ಪಿಂಗಾಣಿಗೆ ಗಟ್ಟಿತನವಿದೆ, ತಾಳಿಕೆ ಇಲ್ಲ. ಇದು ಆಮೇಲೆ ತಿಳಿದದ್ದು.

ಆ ದಿನ ಅವಳು ಡಿಪೋಕ್ಕೆ ಬರುವಷ್ಟರಲ್ಲಿ ಬೆಳಗಿನ ಪಾಳಿಯವರು ಕಾಫಿ ಕುಡಿದು ಬಸ್ಸು ಹತ್ತಿ ಹೋಗಿಯಾಗಿತ್ತು. ಹಿಂದಿನ ಸಂಜೆ ಅಕ್ಕಿ ಹಾಕಿ ತೊಳೆದದ್ದು ಹೇಗಿದೆ ನೋಡೋಣವೆಂದು ಗುಂಡಿ ಒತ್ತಿದಳು. ಗರ್ರ್ ಅನ್ನಬೇಕಾದ ಯಂತ್ರ ಕಟಕಟ ಅಂದಿತು. ಬಂದ ಕಾಫಿ ತೆಳ್ಳಗೆ, ಬಟ್ಟೆ ಒಗೆದ ನೀರಿನ ಹಾಗೆ. ಪ್ಲಗ್ಗು ಕಿತ್ತು, ಬುಟ್ಟಿ ಇಳಿಸಿ, ಸ್ಕ್ರೂ ಬಿಚ್ಚಿ ಮೇಲಿನ ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು.

ಬಿಲ್ಲೆಯ ಅಂಚು ಮುರಿದಿತ್ತು. ಸೌತೆ ಬೀಜದ ಅರ್ಧದಷ್ಟು ಚೂರು ಇಲ್ಲ. ಉಳಿದ ಅಂಚು ಬ್ಲೇಡಿನ ಹಾಗೆ ಬೆರಳು ಕೊಯ್ಯುತ್ತಿತ್ತು.

ಯಂತ್ರದ ಹೊಟ್ಟೆಯಲ್ಲಿ ಬೆರಳಾಡಿಸಿದಳು. ಪುಡಿ ಬೀಳುವ ಕೊಳವೆ, ಕುದಿಸುವ ಡಬ್ಬಿ, ಎಲ್ಲೂ ಇಲ್ಲ. ಕಾಫಿ ಇಳಿಯುವ ದಾರಿಗೆ ಒಂದು ಸಣ್ಣ ಉಕ್ಕಿನ ಜರಡಿ ಇರುತ್ತದೆ. ಅದು ನೆಟ್ಟಗಿದ್ದರೆ ಚೂರು ಕಪ್ಪಿಗೆ ಬರುವ ಮಾತೇ ಇರಲಿಲ್ಲ. ಆದರೆ ಆ ಜರಡಿಯ ಒಂದು ಬದಿ ಹರಿದು ಬಾಯಿ ಬಿಟ್ಟಿತ್ತು. ಹರಿದಿದೆ ಎಂದು ಅವಳು ತನ್ನ ಕಂಪನಿಯ ಮಾಲೀಕನಿಗೆ ಎಷ್ಟು ಸಲ ಹೇಳಿದ್ದಳು. "ಬರುತ್ತಮ್ಮ, ಹೇಳಿದ್ದೀನಿ, ಬರುತ್ತೆ," ಎನ್ನುತ್ತಿದ್ದ. ಮಳೆ ಬರುತ್ತೆ ಅಂದ ಹಾಗೆ.

ಹಾಗಾದರೆ ಚೂರು ಹೋಗಿದ್ದೆಲ್ಲಿ? ಯಾರ ಕಪ್ಪಿಗೆ? ಯಾರ ಗಂಟಲಿಗೆ?

ಮೊದಲ ಕಪ್ಪು ಯಾವತ್ತೂ ತಮ್ಮನದು. ಎಲ್ಲರಿಗಿಂತ ಮುಂಚಿನ ಬಸ್ಸು ಅವನದೇ.

ಅಲ್ಲೇ ಬೆಂಚಿನ ಮೇಲೆ ಕುಸಿದು ತಮ್ಮನಿಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಸ್ಟೀರಿಂಗ್ ಹಿಡಿದವನು ಫೋನು ಎತ್ತಬಾರದು ಎಂದು ಅವನಿಗೆ ಆಣೆ ಹಾಕಿಸಿದವಳೂ ಅವಳೇ. ಮತ್ತೆ ಹಚ್ಚಿದಳು. ಇಲ್ಲ. ಆಮೇಲೆ ಮಾಲೀಕನಿಗೆ ಹಚ್ಚಿದಳು.

ಅವನು ಪೂರ್ತಿ ಕೇಳಿಸಿಕೊಂಡ. ಮೊದಲು ಕೇಳಿದ್ದು ಒಂದೇ. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾರ್."

"ಹೇಳಬೇಡ. ಕರೆಂಟ್ ತೊಂದರೆ ಅಂತ ಒಂದು ಬೋರ್ಡ್ ನೇತುಹಾಕಿ ಬಂದುಬಿಡು."

"ನುಂಗಿದ್ರೆ ಸಾರ್? ಹೊಟ್ಟೇಲಿ ಕೊಯ್ದುಬಿಟ್ರೆ?"

"ನುಂಗಿದ್ರೆ ನಾಳೆ ಬೆಳಿಗ್ಗೆ ತಾನೇ ಹೊರಗೆ ಹೋಗುತ್ತೆ ಕಣಮ್ಮ. ಅಕ್ಕಿ ಹಾಕಿದವಳು ನೀನು, ನೆನಪಿಟ್ಕೋ. ಊರಿಗೆಲ್ಲ ಡಂಗುರ ಹೊಡೆದ್ರೆ ಮೊದಲು ನಿನ್ನ ಕೊರಳಿಗೇ ಸುತ್ತಿಕೊಳ್ಳುತ್ತೆ."

ಫೋನು ಇಟ್ಟಳು. ಕೋಣೆಯಲ್ಲಿ ಹಾರನ್ ಒಬ್ಬನೇ ಆಚೆ ಮೂಲೆಯ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದ್ದ, ಅವನ ಪಾಳಿ ಮಧ್ಯಾಹ್ನದ್ದು. ಗುಡಿಸುವ ಹೆಂಗಸು ಬಾಗಿಲಲ್ಲಿ ಪೊರಕೆ ಕೊಡವುತ್ತಿದ್ದಳು. ಇಬ್ಬರೂ ಇವಳ ಕಡೆ ನೋಡಿರಲಿಲ್ಲ. ಬಿಲ್ಲೆಯನ್ನು ಚೀಲಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಬೋರ್ಡ್ ತೂಗಿಸಿ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎದ್ದು ಮುಚ್ಚಳದ ಮೇಲೆ ಕೈ ಇಟ್ಟಿದ್ದಳು ಕೂಡ.

ಆಗ ಅವಳಿಗೆ ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮಾಲೀಕನ ಹೆದರಿಕೆಗಿಂತ ಆ ಚೂರಿನ ಹೆದರಿಕೆ ದೊಡ್ಡದಾಯಿತು, ಅಷ್ಟೆ. ಮೆರವಣಿಗೆಯ ಮುಂದಿನ ಸಾಲಿನಲ್ಲಿ ನಿಲ್ಲುವವರಲ್ಲೂ ಎಷ್ಟೋ ಜನ ಲಾಠಿಗಿಂತ ದೊಡ್ಡ ಹೆದರಿಕೆಯೊಂದು ಹಿಂದೆ ಇರುವುದರಿಂದಲೇ ಅಲ್ಲಿ ನಿಂತಿರುತ್ತಾರೆ.

"ಯಾರೂ ಕಾಫಿ ಕುಡೀಬೇಡಿ," ಅಂದಳು. ಇಬ್ಬರೂ ತಿರುಗಲಿಲ್ಲ. ಮತ್ತೆ ಕಿರುಚಿದಳು. "ಕಾಫಿ ಕುಡೀಬೇಡ್ರೋ! ಅದರಲ್ಲಿ ಪಿಂಗಾಣಿ ಚೂರು ಹೋಗಿದೆ!"

ಹಾರನ್ ಎದ್ದು ಕೂತ. ಅವಳು ಬಿಲ್ಲೆ ತೋರಿಸಿದಳು, ಅಕ್ಕಿಯ ವಿಷಯ ಹೇಳಿದಳು, ಜರಡಿಯ ವಿಷಯ ಹೇಳಿದಳು. ಅವನು ಮುರಿದ ಅಂಚನ್ನು ಬೆರಳಿನಲ್ಲಿ ಮುಟ್ಟಿ ನೋಡಿ ತನ್ನ ಹೊಟ್ಟೆ ಸವರಿಕೊಂಡ. "ನಾನೂ ಒಂದು ಕಪ್ ಕುಡಿದೆ ಕಣಕ್ಕಾ," ಅಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ಯಾರೂ ಕೇಳಿರಲಿಲ್ಲ.

"ಕಪ್ಪಿಗೇ ಹೋಗಿದೆ ಅಂತ ಏನು ಗ್ಯಾರಂಟಿ?" ಅಂದಳು ಗುಡಿಸುವವಳು. "ಚರಟದಲ್ಲಿ ಇರಬಹುದಲ್ಲ?"

ಅರೆದು ಕುದಿಸಿದ ಮೇಲೆ ಉಳಿಯುವ ಚರಟ ಯಂತ್ರದ ಕೆಳಗಿನ ಡ್ರಾಯರಿಗೆ ಬಿಲ್ಲೆ ಬಿಲ್ಲೆಯಾಗಿ ಬೀಳುತ್ತದೆ. ಬೀಜದಕ್ಕ ಅದನ್ನು ಎಳೆದಳು. ಖಾಲಿ.

"ಎಲ್ಲಿ ಹಾಕಿದೆ?"

"ಇನ್ನೆಲ್ಲಿ, ಗೇಟಿನ ಹತ್ತಿರದ ಗಿಡಗಳ ಬುಡಕ್ಕೆ. ಗೊಬ್ಬರ ಅಂತ ನೀನೇ ಹೇಳಿಕೊಟ್ಟಿದ್ದಲ್ವಾ?"

ಮೂವರೂ ಗೇಟಿಗೆ ಓಡಿದರು. ಮಣ್ಣಿನ ಮೇಲೆ ಕಪ್ಪು ಚರಟ ಇನ್ನೂ ಬೆಚ್ಚಗೆ ಹಬೆಯಾಡುತ್ತಿತ್ತು. ಪತ್ರಿಕೆ ಹಾಸಿ, ಬೊಗಸೆ ಬೊಗಸೆ ತೆಗೆದು, ಬೆರಳಲ್ಲಿ ಹಿಚುಕಿ ಹಿಚುಕಿ ನೋಡತೊಡಗಿದರು. ಮೆಕ್ಯಾನಿಕ್‌ಗಳು ಬಂದರು, ಟಿಕೆಟ್ ಕೌಂಟರಿನವರು ಬಂದರು. ಕಾಫಿ ಕುಡಿದವರು ತಾವೇ ಕೂತು ಹುಡುಕಿದರು. ಕುಡಿಯದವರು ಸುತ್ತ ನಿಂತು ಸಲಹೆ ಕೊಟ್ಟರು. "ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದ್ದೆ," ಎಂದ ಹಾರನ್, ಮೊಣಕೈ ತನಕ ಚರಟ ಮೆತ್ತಿಕೊಂಡು. "ಇದೊಂದು ಬಾಕಿ ಇತ್ತು ನನ್ನ ಹಣೆಬರಹದಲ್ಲಿ." ಒಬ್ಬಿಬ್ಬರು ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಪ್ರತಿ ಸಲ ಬೆರಳಿಗೆ ಏನೋ ಗಟ್ಟಿ ತಾಗಿದಾಗ ಅವಳು ಮುಖ ಹತ್ತಿರ ತಂದು ಬಗ್ಗುತ್ತಿದ್ದಳು. ತೆಗೆದು ನೋಡಿದರೆ ಬೆಣಚುಕಲ್ಲು. ಇನ್ನೊಂದು ಸಲ ಬೀಜದ ಸೀಳು. ಚರಟವೆಲ್ಲ ಮುಗಿಯಿತು, ಚೂರು ಸಿಗಲಿಲ್ಲ.

ಆ ಹೊತ್ತಿಗೆ ನದಿಯಾಚೆಯಿಂದ ಎದುರು ಬಸ್ಸು ಬಂದು ನಿಂತಿತು. ಇಳಿದ ಕಂಡಕ್ಟರ್ ಇಷ್ಟು ಜನ ಮಣ್ಣಲ್ಲಿ ಕೂತದ್ದನ್ನು ಬೆರಗಿನಿಂದ ನೋಡಿ, ಬೀಜದಕ್ಕನ ಹತ್ತಿರ ಬಂದ.

"ಅಕ್ಕಾ, ನಿಮ್ಮ ತಮ್ಮನ ಬಸ್ಸು ಸೇತುವೆ ದಾಟಿದ ಮೇಲೆ ರಸ್ತೆ ಬದಿಗೆ ನಿಂತಿದೆ. ಏನಾಯ್ತೋ ಗೊತ್ತಿಲ್ಲ, ನಮ್ಮ ಡ್ರೈವರ್ ನಿಲ್ಲಿಸಲಿಲ್ಲ, ಲೇಟಾಗಿತ್ತು. ಅವನು ಕೆಳಗೆ ಕೂತು ಬಾಯಿ ಹಿಡ್ಕೊಂಡಿದ್ದ. ರಕ್ತ ಉಗುಳ್ತಾ ಇದ್ದ ಹಾಗಿತ್ತು."

ಅವಳು ಎದ್ದು ಗೇಟು ದಾಟಿ ರಸ್ತೆಯಲ್ಲಿ ನಡೆಯತೊಡಗಿದಳು, ಸೇತುವೆ ತನಕ ನಡೆದೇ ಹೋಗುವವಳ ಹಾಗೆ. ಕಾಲಿಗೆ ಚಪ್ಪಲಿ ಇರಲಿಲ್ಲ. ಹಾರನ್ ಹಿಂದಿನಿಂದ ಓಡಿಬಂದು ರಟ್ಟೆ ಹಿಡಿದು ನಿಲ್ಲಿಸಿದ. ಕೆಟ್ಟ ಬಸ್ಸುಗಳನ್ನು ಎಳೆದು ತರುವ ಲಾರಿಯೊಂದು ಡಿಪೋದಲ್ಲಿತ್ತು. ಅವಳನ್ನು ಅದರೊಳಗೆ ಎತ್ತಿ ಕೂರಿಸಿದಂತೆ ಕೂರಿಸಿ, ಯಾರ ಅಪ್ಪಣೆಗೂ ಕಾಯದೆ ಹೊರಟ.

ದಾರಿಯುದ್ದಕ್ಕೂ ಅವಳ ಮುಷ್ಟಿಯಲ್ಲಿ ಮುರಿದ ಬಿಲ್ಲೆ. ಯಾಕೆ ತಂದಳೋ ಅವಳಿಗೂ ತಿಳಿಯದು. ಅಂಗೈ ಕೊಯ್ದು ರಕ್ತ ಬಂದದ್ದೂ ತಿಳಿಯಲಿಲ್ಲ. ಗಂಟಲಲ್ಲಿ ಸಿಕ್ಕಿದೆಯೋ, ಇಳಿದು ಕರುಳು ಕೊಯ್ಯುತ್ತಿದೆಯೋ, ಬಸ್ಸಿನಲ್ಲಿ ಅಷ್ಟು ಜನ ಇದ್ದಾರೆ, ಓಡಿಸುತ್ತಿರುವಾಗ ಕಣ್ಣು ಕತ್ತಲೆ ಬಂದಿದ್ದರೆ, ಸೇತುವೆಯ ಮೇಲೆಯೇ ಬಂದಿದ್ದರೆ. ಯೋಚನೆ ಒಂದರ ಬಾಲ ಒಂದು ಹಿಡಿದು ಬರುತ್ತಿತ್ತು. ಎಣ್ಣೆ ಬೀಜ ಕೊಟ್ಟವಳು ನಾನು. ಅಕ್ಕಿ ಹಾಕಿದವಳು ನಾನು. ಫೋನ್ ಎತ್ತಬೇಡ ಅಂದವಳೂ ನಾನೇ.

"ಏನಾದ್ರೂ ಮಾತಾಡಕ್ಕಾ," ಎಂದ ಹಾರನ್. "ನೀನು ಸುಮ್ನೆ ಕೂತ್ರೆ ನನ್ನ ಹೊಟ್ಟೆ ಚುಚ್ಚಿದ ಹಾಗೆ ಆಗ್ತಿದೆ."

"ನಿಜವಾಗ್ಲೂ ಚುಚ್ತಿದೆಯಾ?"

"ಯಾರಿಗೆ ಗೊತ್ತು! ನೀನು ಹೇಳೋ ತನಕ ಚೆನ್ನಾಗೇ ಇತ್ತು."

ಸೇತುವೆ ದಾಟಿದೊಡನೆ ಬಸ್ಸು ಕಂಡಿತು. ಪ್ರಯಾಣಿಕರು ನೆರಳಿಗೆ ನಿಂತು ಗೊಣಗುತ್ತಿದ್ದರು. ತಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ, ಕೆನ್ನೆ ಬಾತಿತ್ತು, ಅಂಗಿಯ ಎದೆಯ ಮೇಲೆ ರಕ್ತದ ಹನಿಗಳು. ಯಾರದೋ ಬಾಟಲಿಯಿಂದ ನೀರು ಮುಕ್ಕಳಿಸಿ ಉಗುಳುತ್ತಿದ್ದ. ಬಿದ್ದ ನೀರು ಕೆಂಪಗಿತ್ತು.

ಅವಳು ಲಾರಿ ನಿಲ್ಲುವ ಮುಂಚೆಯೇ ಧುಮುಕಿದಳು. ಹೋದವಳೇ ಅವನ ದವಡೆ ಹಿಡಿದು, "ಬಾಯಿ ತೆಗಿ, ಬಾಯಿ ತೆಗಿಯೋ!" ಎಂದು ಕಿರುಚಿದಳು.

"ಅಯ್ಯೋ ಬಿಡಕ್ಕಾ, ನೋಯುತ್ತೆ! ನೀನ್ಯಾಕೆ ಬಂದೆ ಇಲ್ಲಿಗೆ?"

"ಹೊಟ್ಟೆ ನೋವಿದೆಯಾ? ಗಂಟಲು ಕೊಯ್ತಿದೆಯಾ?"

"ಹೊಟ್ಟೆಗೇನಾಗಿದೆ? ಹಲ್ಲು ಮುರೀತಕ್ಕಾ. ಕಪ್ಪಿನಲ್ಲಿ ಒಂದು ಗುಟುಕು ಉಳಿದಿತ್ತು, ಬಸ್ಸಲ್ಲಿ ಇಟ್ಕೊಂಡಿದ್ದೆ. ಸೇತುವೆ ದಾಟಿ ಇಲ್ಲಿ ಪ್ಯಾಸೆಂಜರ್ ಹತ್ತಿಸಿಕೊಳ್ಳುವಾಗ ಬಾಯಿಗೆ ಸುರ್ಕೊಂಡೆ. ಕಟಕ್ ಅಂತು. ಆ ತೂತು ಹಲ್ಲು ಇತ್ತಲ್ಲ, ಹಿಂದಿನದು, ಅದೇ ಹೋಯ್ತು. ಏನು ರಕ್ತ ಅಂತೀಯಾ! ತಲೆ ಸುತ್ತಿ ಬಂತು, ಇಷ್ಟು ಜನರನ್ನ ಕೂರಿಸ್ಕೊಂಡು ಹೇಗೆ ಓಡಿಸ್ಲಿ? ಹಲ್ಲಿನ ಚೂರನ್ನ ಎತ್ತಿಟ್ಟಿದ್ದೀನಿ, ಡಾಕ್ಟರಿಗೆ ತೋರಿಸೋಣ ಅಂತ."

ಜೇಬಿನಿಂದ ಮಡಚಿದ ಟಿಕೆಟ್ಟು ತೆಗೆದು ಬಿಡಿಸಿದ. ಒಳಗೆ ಬೆಳ್ಳಗಿನ, ಚೂಪು ಅಂಚಿನ, ಸೌತೆ ಬೀಜದ ಅರ್ಧದಷ್ಟು ಚೂರು.

ಅವಳು ಮುಷ್ಟಿ ಬಿಚ್ಚಿದಳು. ರಕ್ತ ಮೆತ್ತಿದ ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ, ಚೂರನ್ನು ಎತ್ತಿ ಅದರ ಅಂಚಿಗೆ ಹಿಡಿದಳು. ಒಂದು ಸಲ ಕೈತಪ್ಪಿ ಬಿದ್ದೇಹೋಯಿತು. ಹಾರನ್ ಬಗ್ಗಿ ಹುಡುಕಿ ಕೊಟ್ಟ. ಮತ್ತೆ ಹಿಡಿದಳು. ಕೂದಲೆಳೆ ಜಾಗ ಬಿಡದೆ ಕೂತುಕೊಂಡಿತು.

ಅವಳು ರಸ್ತೆಯ ಮೇಲೇ ಕೂತುಬಿಟ್ಟಳು.

ತಮ್ಮ ಬಿಲ್ಲೆ ನೋಡಿದ, ಚೂರು ನೋಡಿದ, ನಿಧಾನವಾಗಿ ಅವನಿಗೆ ಅರ್ಥವಾಯಿತು. "ಅಂದ್ರೆ ಇದು ನನ್ನ ಹಲ್ಲಲ್ವಾ?"

"ಅಲ್ಲ ಕಣೋ. ನನ್ನ ಯಂತ್ರದ ಹಲ್ಲು."

"ಹಾಗಾದ್ರೆ ನನ್ನ ಹಲ್ಲೆಲ್ಲಿ?"

ಹಾರನ್ ಅವನ ಹೊಟ್ಟೆಯ ಕಡೆ ನೋಡಿದ. "ಅದು ನಿಂದೇ ಆಸ್ತಿ, ನಿನ್ನ ಹತ್ರಾನೇ ಇದೆ. ನಾಳೆ ಬೆಳಿಗ್ಗೆ ಕೊಡುತ್ತೆ ಬಿಡು," ಎಂದು ಹಳೇ ದನಿಯಲ್ಲಿ ಗುಡುಗಿದ. ಪ್ರಯಾಣಿಕರೆಲ್ಲ ತಿರುಗಿ ನೋಡಿದರು.

ಮಾಲೀಕ ಅದೇ ದಿನ ಡಿಪೋಕ್ಕೆ ಬಂದ. ಅಕ್ಕಿಯ ಡಬ್ಬಿ ಎತ್ತಿ ಹಿಡಿದು ಎಲ್ಲರ ಮುಂದೆ, "ನೋಡಿ, ನಿಮ್ಮ ಬೀಜದಕ್ಕ ಮಾಡಿದ ಘನಕಾರ್ಯ," ಎಂದ. ಅವಳು ಇಲ್ಲವೆನ್ನಲಿಲ್ಲ. "ಅಕ್ಕಿ ನಂದು ಸಾರ್," ಎಂದು, ಹರಿದ ಜರಡಿಯನ್ನು ತೆಗೆದು ಆ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು. "ಇದು ನಿಮ್ಮದು." ಹೇಳುವಾಗ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಮಾಲೀಕ ಜರಡಿ ನೋಡಿದ, ಸುತ್ತ ನಿಂತವರನ್ನು ನೋಡಿದ. ಇಬ್ಬರು ಮೂವರ ಮೊಣಕೈಗಳಲ್ಲಿ ಚರಟ ಇನ್ನೂ ಒಣಗಿರಲಿಲ್ಲ. ಅವನು ಡಬ್ಬಿ ಕೆಳಗಿಟ್ಟ. ಹೊಸ ಜರಡಿ ಮರುದಿನವೇ ಬಂತು. ಬರುತ್ತೆ ಬರುತ್ತೆ ಅಂದದ್ದು ಕೊನೆಗೂ ಬಂತು. ಅವಳನ್ನು ತೆಗೆದುಹಾಕಲಿಲ್ಲ, ಹೊಗಳಲೂ ಇಲ್ಲ. ಈಗಲೂ ಅವನ ಫೋನು ಬಂದರೆ ಅವಳು ಎದ್ದು ನಿಂತೇ ಎತ್ತುತ್ತಾಳೆ.

ಡಿಪೋದ ಯಂತ್ರಕ್ಕೆ ಮತ್ತೆ ಹದವಾಗಿ ಹುರಿದ ಒಣ ಬೀಜವೇ ಬಂತು. ಡ್ರೈವರುಗಳು ಜೋಗುಳದ ಕಾಫಿ ಎಂದು ಗೊಣಗುತ್ತಲೇ ಕುಡಿಯುತ್ತಾರೆ. ಎಣ್ಣೆ ಬೀಜದ ಮಾತು ಯಾರೂ ಎತ್ತುವುದಿಲ್ಲ. ಅವಳು ಮಾತ್ರ ಈಗ ಮೊದಲ ಬಸ್ಸಿಗಿಂತ ಮುಂಚೆ ಬರುತ್ತಾಳೆ. ಬಿಲ್ಲೆ ಬಿಚ್ಚಿ ಅಂಚಿನ ಸುತ್ತ ಬೆರಳು ಓಡಿಸುತ್ತಾಳೆ, ಜರಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ನೋಡಿದ ಮೇಲೂ ನಂಬಿಕೆ ಬರುವುದಿಲ್ಲ. ಕಪ್ಪು ಹಿಡಿದು ಅಗಿಯುತ್ತಾಳೆ.

ತಮ್ಮನಿಗೆ ಹಿಂದಿನ ಹಲ್ಲಿನ ಜಾಗದಲ್ಲಿ ಈಗ ಪಿಂಗಾಣಿ ಹಲ್ಲು ಕೂರಿಸಿದ್ದಾರೆ. ಸಾಲಿನಲ್ಲಿ ಮೊದಲು ನಿಲ್ಲುವವನು ಇವತ್ತಿಗೂ ಅವನೇ. ಅವಳು ಅಗಿದು ಮುಗಿಸುವ ತನಕ ಕಾಯುತ್ತಾನೆ. ಹೊತ್ತಾದರೆ, "ನುಂಗಕ್ಕಾ, ಬಸ್ಸು ತೆಗೀಬೇಕು," ಅನ್ನುತ್ತಾನೆ. ಅವಳು ತಲೆ ಅಲ್ಲಾಡಿಸಿ ಇನ್ನೂ ಇಲ್ಲವೆನ್ನುತ್ತಾಳೆ. ಇನ್ನೊಂದು ಸಲ ನಾಲಿಗೆ ಆಡಿಸಿ, ಕಣ್ಣು ಮುಚ್ಚಿ, ಕೊನೆಗೊಮ್ಮೆ ನುಂಗುತ್ತಾಳೆ. ಆಮೇಲೂ ಒಂದು ಗಳಿಗೆ ಕೈ ಅಡ್ಡವೇ ಇರುತ್ತದೆ.